ಒಂದೇ ಪೊಂಗಲ್‌ಗೆ ಎರಡು ಸಲ ಬಂದವನು

ಧರ್ಮಪುರಿ ಬಸ್ ಸ್ಟ್ಯಾಂಡು

ನಮ್ಮವ್ವನ ಪ್ರಕಾರ ಹೊಸೂರು ದಾಟಿದರೆ ಪರದೇಶ. ವಿಮಾನ ಹತ್ತಬೇಕಾಗಿಲ್ಲ, ಸಮುದ್ರ ನೋಡಬೇಕಾಗಿಲ್ಲ. ಆ ಜನವರಿಯ ಒಂದು ಬೆಳಿಗ್ಗೆ ಧರ್ಮಪುರಿ ಬಸ್ ಸ್ಟ್ಯಾಂಡಿನ ಮಂಜಿನಲ್ಲಿ ನಿಂತಾಗ ಅವಳು ಹೇಳುವುದೇ ಸರಿ ಅನ್ನಿಸಿತು. ಬಸ್ಸಿನ ಹಣೆ ಓದಲಿಕ್ಕೆ ಬಾರದೆ ಹೋದ ಕ್ಷಣಕ್ಕೆ ದೇಶ ಬದಲಾಗಿಬಿಡುತ್ತದೆ.

ನಮ್ಮ ವಂಶಕ್ಕೆ ನಾನೇ ಮೊದಲ ಪದವೀಧರ. ಇದನ್ನು ನಾಚಿಕೆ ಇಲ್ಲದೆ ಹೇಳುತ್ತೇನೆ, ಪುಕ್ಕಟೆ ಬಂದದ್ದಲ್ಲ. ಕನಕಪುರದ ಆಚೆ ಸಾತನೂರು ಕಡೆಯ ಕುರಿ ಸಾಕುವವರ ಮನೆ ನಮ್ಮದು. ಮರಿಗಳನ್ನು ಹಟ್ಟಿಗೆ ಕೂಡಿ, ಮೈಯ ಉಣ್ಣೆ ವಾಸನೆ ಹೋಗುವ ತನಕ ತೊಳೆದುಕೊಂಡು, ನಾಲ್ಕು ಮೈಲಿ ನಡೆದು ಸ್ಕೂಲಿಗೆ ಹೋದವನು. ಬಿ.ಎ., ಬಿ.ಎಡ್. ಮುಗಿಸಿ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿ ಮೂರು ವರ್ಷವಾಗಿತ್ತು. ನಮ್ಮಪ್ಪ ಬಸ್ಸನ್ನು ಅದರ ಬಣ್ಣದ ಮೇಲೆ, ಮುಂದಿನ ಗಾಜಿಗೆ ಅಂಟಿಸಿದ ದೇವರ ಪಟದ ಮೇಲೆ ಗುರುತು ಹಿಡಿಯುತ್ತಿದ್ದ. ಅದನ್ನು ನೋಡಿ ನಗುತ್ತಿದ್ದ ನಾನು ಈಗ ಅವನಂತೆಯೇ ಕುತ್ತಿಗೆ ಉದ್ದ ಮಾಡಿಕೊಂಡು ನಿಂತಿದ್ದೆ. ಬಿಳಿ ಮಂಜಿನಿಂದ ಬಸ್ಸುಗಳು ಒಂದೊಂದಾಗಿ ಮೂತಿ ತೋರಿಸುತ್ತಿದ್ದವು. ಹಣೆಯ ಮೇಲಿನ ಅಕ್ಷರಗಳು ದೂರದಿಂದ ನಮ್ಮ ಅಕ್ಷರಗಳ ನೆಂಟರಂತೆ ಕಾಣುತ್ತಿದ್ದವು. ಹತ್ತಿರ ಬಂದರೆ ಯಾರೋ ಏನೋ.

ಹೊರಟದ್ದು ಮಾದತ್ತೆಯ ಮನೆಗೆ. ನಮ್ಮಪ್ಪನಿಗೆ ಒಬ್ಬಳೇ ತಂಗಿ. ನಾನು ಹುಟ್ಟುವ ಮೊದಲು, ಮೇವಿಲ್ಲದ ಒಂದು ವರ್ಷ ನಮ್ಮ ತಾತ ಕುರಿ ಹೊಡೆದುಕೊಂಡು ಕಾವೇರಿಯ ಉದ್ದಕ್ಕೂ ಕೆಳಗಿಳಿದು ಹೋದನಂತೆ. ಮೇಟ್ಟೂರು ಡ್ಯಾಮಿನ ಹಿನ್ನೀರಿನ ದಡದಲ್ಲಿ ನಮ್ಮಂತೆಯೇ ಕನ್ನಡ ಮಾತಾಡುವ, ನಮ್ಮಂತೆಯೇ ಕುರಿ ಸಾಕುವ ಜನ ಸಿಕ್ಕರಂತೆ. ಅವರ ಜೊತೆ ಮೂರು ತಿಂಗಳು ಇದ್ದು, ಮರುವರ್ಷ ಮಗಳನ್ನು ಅಲ್ಲಿಗೇ ಕೊಟ್ಟ. ಆಮೇಲೆ ತಾತ ಹೋದ. ಅಪ್ಪನಿಗೆ ಕುರಿ ಬಿಟ್ಟು ಬರಲಾಗಲಿಲ್ಲ. ಇಪ್ಪತ್ತೈದು ವರ್ಷ ಆ ಕಡೆಗೆ ನಮ್ಮವರು ಯಾರೂ ಕಾಲಿಟ್ಟಿರಲಿಲ್ಲ. ಕಳೆದ ವರ್ಷ ಅತ್ತೆಯ ಮಗ ಮುರುಗೇಶನ ಮದುವೆಯ ಪತ್ರಿಕೆ ಬಂತು. ತಮಿಳಿನಲ್ಲಿತ್ತು. ಓದಿ ಹೇಳುವವರು ಸಿಗುವಷ್ಟರಲ್ಲಿ ಮದುವೆ ಮುಗಿದಿತ್ತು. ಆ ತಪ್ಪು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಸಂಕ್ರಾಂತಿಗೆ ಒಂದು ವಾರ ರಜೆ ಹಾಕಿ ಹೊರಟುಬಿಟ್ಟೆ.

ಕಬ್ಬಿನ ಕಟ್ಟು ಇಟ್ಟುಕೊಂಡು ಕೂತಿದ್ದ ಒಬ್ಬ ಹೆಂಗಸನ್ನು, "ಮೇಟ್ಟೂರು?" ಎಂದು ಕೇಳಿದೆ. ಅವಳು ಗಲ್ಲ ಎತ್ತಿ ಒಂದು ಬಸ್ಸು ತೋರಿಸಿದಳು. ಅಥವಾ ಅದರ ಪಕ್ಕದ ಬಸ್ಸು ತೋರಿಸಿದಳೋ. ಹತ್ತಿದೆ. ತೊಪ್ಪೂರಿನ ಬೆಟ್ಟದ ಸಾಲು ಕಂಡದ್ದು ನೆನಪಿದೆ. ಆಮೇಲೆ ನಿದ್ದೆ.

ಇಳಿಯಬಾರದ ಊರು

ಕಂಡಕ್ಟರು ಹೆಗಲು ಅಲ್ಲಾಡಿಸಿ ಎಬ್ಬಿಸಿದ. ಬಸ್ಸು ಎಡಪ್ಪಾಡಿಗೆ ಹೋಗುವುದು. ಮೇಟ್ಟೂರಿಗೆ ತಿರುಗಬೇಕಾದ ಜಾಗ ಹಿಂದೆ ಹೋಗಿತ್ತು. ಇಳಿಸಿದ ಊರು ನಂಗವಳ್ಳಿ.

ದಾರಿ ತಪ್ಪಿದವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬೀದಿ ಆಗ ತಾನೇ ಎದ್ದಿತ್ತು. ಮನೆಮನೆಯ ಮುಂದೆ ಸಗಣಿ ಸಾರಿಸಿ, ಅಂಗಳದಷ್ಟು ದೊಡ್ಡ ರಂಗೋಲಿ. ಅದರ ನಡುವೆ ಸಗಣಿಯ ಉಂಡೆ, ಉಂಡೆಯ ನೆತ್ತಿಯಲ್ಲಿ ಹಳದಿ ಕುಂಬಳದ ಹೂ. ನಮ್ಮಲ್ಲೂ ಈ ತಿಂಗಳಲ್ಲಿ ಸಗಣಿಯ ಬೆನಕ ಇಡುತ್ತಾರೆ, ಆದರೆ ಗರಿಕೆ ಸಿಕ್ಕಿಸಿ ಸುಮ್ಮನಾಗುತ್ತಾರೆ. ಇಲ್ಲಿ ಮಂಜಿನೊಳಗೆ ಉದ್ದಕ್ಕೂ ಹಳದಿ ದೀಪ ಹಚ್ಚಿಟ್ಟ ಹಾಗೆ ಆ ಹೂಗಳು. ಯಾವುದೋ ಓಣಿಯಲ್ಲಿ ಮಗ್ಗ ಲಟಪಟ ಅನ್ನುತ್ತಿತ್ತು. ನಾನು ಇನ್ನೂ ಬಸ್ಸಿನಲ್ಲಿ ನಿದ್ದೆಯಲ್ಲೇ ಇದ್ದೇನೋ ಎಂದು ಅನುಮಾನವಾಯಿತು.

ಟೀ ಅಂಗಡಿಯ ಮುದುಕ ನನ್ನ ಮುರುಕು ತಮಿಳನ್ನು ಎರಡು ಮಾತು ಕೇಳಿ, "ಕನ್ನಡದೋರಾ?" ಅಂದ.

"ಹೌದು. ನೀವೂ?"

"ಮನೇಲಿ ಕನ್ನಡ, ಬೀದೀಲಿ ತಮಿಳು. ಓದೋಕ್ ಎರಡೂ ಇಲ್ಲ. ಎಲ್ಲಿಗೋಗ್ಬೇಕು?"

"ಕೊಳತ್ತೂರು."

"ಆ ಸೆವಪ್ಪು ಬಸ್ ಐತಲ್ಲ, ಬಾಗಿಲತ್ರ ಸೊಟ್ಟ ಆಗಿರೋದು, ಅದ್ರಲ್ಲಿ ಕೂತ್ಕೊ. ಬೋರ್ಡ್ ನೋಡ್ಬೇಡ. ಅದು ದಿನಾ ತಪ್ಪೇ ಇರ್ತೈತೆ."

ಬೋರ್ಡು ನೋಡಬೇಡ ಎಂಬ ಉಪದೇಶ ನನಗೆ ಕೊಟ್ಟ ಮೊದಲ ಮನುಷ್ಯ ಅವನು. ಕೆಂಪು ಬಸ್ಸಿನ ಬಾಗಿಲು ನಿಜಕ್ಕೂ ಸೊಟ್ಟಗಿತ್ತು. ಅದು ನನ್ನನ್ನು ಸರಿಯಾಗಿ ಮುಟ್ಟಿಸಿತು.

ಪಾಲಮಲೆಯ ಕೆಳಗೆ

ಕೊಳತ್ತೂರಿನಲ್ಲಿ ಇಳಿದು, ಪಾಲಮಲೆಯನ್ನು ಎದುರಿಗಿಟ್ಟುಕೊಂಡು ನಡೆದರೆ ಅತ್ತೆಯ ಊರು. ಮೂವತ್ತು ಮನೆ. ಒಂದೇ ಉದ್ದ ಬೀದಿ.

ಒಂದು ಮನೆಯ ಗೋಡೆಗೆ ಏಣಿ ಒರಗಿಸಿ ಒಬ್ಬ ಹೆಂಗಸು ಸುಣ್ಣ ಬಳಿಯುತ್ತಿದ್ದಳು. ಕೂದಲು, ಹುಬ್ಬು, ಮೂಗಿನ ಬೊಟ್ಟು, ಎಲ್ಲದರ ಮೇಲೂ ಸುಣ್ಣ ಸಿಡಿದಿತ್ತು. ಕೆಳಗೆ ನೋಡಿ, "ಯಾರಪ್ಪಾ?" ಅಂದಳು.

"ಸಾತನೂರು ಕಡೆಯಿಂದ ಬಂದೆ. ಮಾದಮ್ಮನ ಮನೆ..."

ಅವಳು ಏಣಿಯ ಮೇಲೆಯೇ ನಿಂತುಬಿಟ್ಟಳು. ಆಮೇಲೆ ಒಂದೊಂದೇ ಮೆಟ್ಟಿಲು ಇಳಿದು ಬಂದು, ಸುಣ್ಣದ ಕೈ ಎರಡನ್ನೂ ಬೆನ್ನ ಹಿಂದೆ ಇಟ್ಟುಕೊಂಡು ನನ್ನ ಮುಖ ನೋಡಿದಳು. "ಅಣ್ಣನ ಮೂಗು," ಅಂದಳು. ಅಷ್ಟೇ. ಅಳಲಿಲ್ಲ. ಒಳಗೆ ಕೂಗಿ, "ಏ ಸೆಲ್ವಿ, ಒಲೆ ಮೇಲ್ ಇನ್ನೊಂದು ಸೇರ್ ನೀರಿಡು, ನನ್ ಅಳಿಯ ಬಂದವ್ನೆ!" ಎಂದಳು.

ಸೆಲ್ವಿ ಅಂದರೆ ಮುರುಗೇಶನ ಹೆಂಡತಿ, ಎಡಪ್ಪಾಡಿಯ ಹುಡುಗಿ. ಮುರುಗೇಶ ಲಾರಿ ಓಡಿಸುತ್ತಾನೆ, ಪೊಂಗಲ್ ಬೆಳಿಗ್ಗೆಗೆ ಬಂದು ಸೇರುತ್ತಾನೆ ಎಂದರು. ಚಿನ್ನಪ್ಪ ಮಾವ, ಅತ್ತೆಯ ಗಂಡ, ಕುರಿ ಹಟ್ಟಿಯಿಂದ ಬಂದವನು ನನ್ನನ್ನು ನೋಡಿ ಬೀಡಿ ಹಚ್ಚಿದ. "ಮೇಷ್ಟ್ರಂತೆ?" ಎಂದ. ಹೌದೆಂದೆ. "ಸರಿ, ಅಂಗಾರೆ ಈ ಕುಂಚ ಇಡ್ಕೋ. ಓದಿದೋನ್ ಕೈ ನಡುಗಲ್ಲ, ಮೇಲಿನ ಅಂಚ್ ನೀನ್ ಬಳಿ."

ಹೀಗೆ ಪರದೇಶದಲ್ಲಿ ನನ್ನ ಮೊದಲ ಕೆಲಸ ಗೋಡೆಗೆ ಸುಣ್ಣ ಬಳಿಯುವುದಾಯಿತು.

ಸುಣ್ಣದ ದಿನಗಳು

ಎರಡು ದಿನ ಎಲ್ಲ ಮನೆಯ ಸಾಮಾನೂ ಬೀದಿಯಲ್ಲಿತ್ತು. ಒರಳು, ಹಾಸಿಗೆ, ಹಳೆಯ ಕಬ್ಬಿಣದ ಟ್ರಂಕು, ಟೇಪ್ ರೆಕಾರ್ಡರು, ಮದುವೆಯ ಫೋಟೋ, ಎಲ್ಲ ಬಿಸಿಲಿಗೆ ಬಂದು ಕೂತಿದ್ದವು. ಯಾರ ಮನೆಯಲ್ಲಿ ಏನಿದೆ, ಏನಿಲ್ಲ ಎಂಬುದು ಊರಿಗೆಲ್ಲ ತಿಳಿಯುವ ಎರಡು ದಿನ ಅವು. ನಮ್ಮ ಕಡೆ ಯುಗಾದಿಗೆ ಸುಣ್ಣ. ಇಲ್ಲಿ ಈ ಚಳಿಯಲ್ಲಿ. ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿದಾಗ ಬರುವ ಬಣ್ಣ ಬೆಳಗಿನ ಮಂಜಿನ ಬಣ್ಣವೇ. ಏಣಿಯ ಮೇಲೆ ನಿಂತು ಬಳಿಯುತ್ತ ಹೋದರೆ ಗೋಡೆ ಎಲ್ಲಿ ಮುಗಿಯಿತು, ಬೆಳಗು ಎಲ್ಲಿ ಶುರುವಾಯಿತು ಗೊತ್ತಾಗುತ್ತಿರಲಿಲ್ಲ. ಬುಡಕ್ಕೆ ಅತ್ತೆ ಕೆಮ್ಮಣ್ಣಿನ ಪಟ್ಟಿ ಎಳೆಯುತ್ತ ಬಂದಳು. ದಾರ ಹಿಡಿಯಲಿಲ್ಲ, ಕೋಲು ಹಿಡಿಯಲಿಲ್ಲ, ಗೆರೆ ಒಂದು ಕಡೆಯೂ ಡೊಂಕಾಗಲಿಲ್ಲ.

ಮಾವ ಹಟ್ಟಿಯ ಅಂಗಳದಲ್ಲಿ ಕೂತು ಸಗಣಿಯಲ್ಲಿ ಪುಟ್ಟ ಕಟ್ಟೆ ಕಟ್ಟುವುದನ್ನು ತೋರಿಸಿದ. ಹಬ್ಬದ ಮರುದಿನ ಅದರಲ್ಲಿ ನೀರು ತುಂಬಿ, ಹೂ ತೇಲಿಬಿಟ್ಟು, ದನವನ್ನು ಅದರೊಳಗೆ ಕಾಲಿಡಿಸಿ ದಾಟಿಸುತ್ತಾರಂತೆ.

"ನಮ್ಮಲ್ಲಿ ಕಿಚ್ಚು ಹಾಯಿಸ್ತೀವಿ ಮಾವ. ಬೆಂಕಿ ಮೇಲೆ ನೆಗೀತವೆ."

"ಬೆಂಕಿ ಮೇಲಾ? ಪಾಪ. ಅವೇನ್ ತಪ್ ಮಾಡಿದ್ವು?"

ಒಂದೇ ಜನ, ಒಂದೇ ಹಬ್ಬ. ಆ ಕಡೆ ದನಕ್ಕೆ ಬೆಂಕಿ, ಈ ಕಡೆ ನೀರು. ಇದರ ಮೇಲೆ ಯಾರಾದರೂ ಪ್ರಬಂಧ ಬರೆಯಬೇಕು ಎಂದು ಆಗ ನನ್ನ ಪದವಿ ನನಗೆ ಹೇಳಿತು. ಸುಣ್ಣ ಒಣಗುತ್ತಿತ್ತು. ಏಣಿ ಹತ್ತಿದೆ.

ಎಳ್ಳು

ನಾನು ಕೈ ಬೀಸಿಕೊಂಡು ಬಂದಿರಲಿಲ್ಲ. ಕನಕಪುರದಿಂದ ಎಳ್ಳು-ಬೆಲ್ಲದ ಪೊಟ್ಟಣ ಹತ್ತು ತಂದಿದ್ದೆ. ಹುರಿದ ಎಳ್ಳು, ಕೊಬ್ಬರಿ, ಕಡಲೆಬೀಜ, ಜೊತೆಗೆ ಸಕ್ಕರೆ ಅಚ್ಚು. ನಿಜ ಹೇಳಬೇಕೆಂದರೆ ಇದು ನಮ್ಮ ಹಟ್ಟಿಯ ಪದ್ಧತಿಯಲ್ಲ. ಕಾಲೇಜಿಗೆ ಹೋದ ಮೇಲೆ ಪೇಟೆಯ ಗೆಳೆಯರ ಮನೆಯಲ್ಲಿ ಕಲಿತದ್ದು. ಓದಿದವರ ಮನೆಯ ಸಂಕ್ರಾಂತಿ ಹೀಗೆ ಎಂದು ತಿಳಿದು, ಅಂದಿನಿಂದ ನಾನೂ ಬಿಟ್ಟಿರಲಿಲ್ಲ.

ಸಂಜೆ ಸೆಲ್ವಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಒಂದು ಪೊಟ್ಟಣ ಬಿಚ್ಚಿ, ಎಳ್ಳನ್ನು ಅಂಗೈಯಲ್ಲಿ ಹಾಕಿಕೊಂಡು, "ತಗೊಳಮ್ಮ, ಒಳ್ಳೆ ಮಾತಾಡು," ಎಂದು ಚಾಚಿದೆ. ಹಾವು ಕಂಡವಳಂತೆ ಕೈ ಹಿಂದೆಳೆದುಕೊಂಡಳು.

"ಅಯ್ಯೋ ಅಣ್ಣಾ! ಎಳ್ಳಾ? ಕೈಯಿಂದ ಕೈಗಾ?"

"ಏನಾಯ್ತು?"

"ಎಳ್ಳು ಕೈಗೆ ಕೊಟ್ರೆ ಸೊಂತ ಬಿಟ್ಟೋಯ್ತೈತೆ ಅಣ್ಣಾ. ಅದು ಸತ್ತೋರಿಗೆ ಬಿಡೋದು, ಸನಿದೇವ್ರಿಗೆ ದೀಪ ಇಡೋದು. ಬೇಡಪ್ಪಾ ಬೇಡ."

ನಂಟು ಬೆಸೆಯಲಿ ಎಂದು ನಾವು ಹಂಚುವುದು, ನಂಟು ಕಡಿಯುತ್ತದೆ ಎಂದು ಇವರು ಮುಟ್ಟದಿರುವುದು. ಪೆಚ್ಚಾಗಿ ನಿಂತೆ. ಅತ್ತೆ ನಕ್ಕಳು. "ಕೆಳಗಿಡು ಅಳ್ಯಾ, ನೆಲ ಎತ್ಕೊಡ್ತೈತೆ," ಅಂದಳು. ನೆಲದ ಮೇಲಿಟ್ಟೆ. ಅಲ್ಲಿಂದ ಅವಳೇ ಎತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಸೆಲ್ವಿ ಸಕ್ಕರೆ ಅಚ್ಚು ಮಾತ್ರ ತೆಗೆದುಕೊಂಡಳು, ಅದೂ ಎರಡು ಸಲ ಊದಿ.

ಆಗ ಗೋಡೆಯ ಪಕ್ಕದ ಹೊಸ ಬುಟ್ಟಿ ಕಣ್ಣಿಗೆ ಬಿತ್ತು. ಹಿಂದಿನ ದಿನ ಸೆಲ್ವಿಯ ತೌರಿನಿಂದ ಅವಳ ಅಣ್ಣ ಹೊತ್ತು ತಂದದ್ದು. ಹಿತ್ತಾಳೆಯ ಪಾತ್ರೆ, ಮಣ್ಣಿನ ಮಡಕೆ, ಅಕ್ಕಿ, ಬೆಲ್ಲ, ಎಲೆ ಸಮೇತ ಅರಿಶಿನದ ಗಿಡ, ಜೋಡಿ ಕಬ್ಬು, ಸೀರೆ. ಇಲ್ಲಿ ಮದುವೆಯಾದ ಹೆಣ್ಣಿಗೆ ಪೊಂಗಲ್ ಹೊತ್ತಿನಲ್ಲಿ ತೌರು ಇದನ್ನು ಮುಟ್ಟಿಸಬೇಕು. ಸೀರ್ ಅನ್ನುತ್ತಾರೆ. ಹಬ್ಬದ ಬೆಳಿಗ್ಗೆ ಅಂಗಳದಲ್ಲಿ ಮನೆಯ ಹೆಂಗಸರು ಸಾಲಾಗಿ ಒಲೆ ಹೂಡಿ, ಅವರವರ ತೌರಿನ ಮಡಕೆಯಲ್ಲಿ ಹಾಲು ಉಕ್ಕಿಸುತ್ತಾರೆ.

"ನಿಮ್ಮ ಮಡಕೆ ಎಲ್ಲಿ ಅತ್ತೆ?" ಎಂದು ಕೇಳಿಬಿಟ್ಟೆ. ದೇವರಾಣೆ, ತಿಳಿಯದೆ ಕೇಳಿದೆ.

ಅತ್ತೆ ಎದ್ದು ಒಳಗೆ ಹೋದಳು. ಸೆಲ್ವಿ ತಗ್ಗಿದ ದನಿಯಲ್ಲಿ ಹೇಳಿದಳು: "ಅತ್ತೆ ಒಲೆಗೆ ಸೌದೆ ಹಾಕ್ತಾರೆ ಅಣ್ಣಾ. ಪಾನೆ ಇಡಲ್ಲ. ನಂಗ್ ಎರಡು ಬಂದೈತೆ, ಒಂದ್ ನೀವ್ ಇಟ್ಕೊಳ್ಳಿ ಅಂದೆ. ನಿನ್ ತೌರ ಪಾನೆ ನಂಗ್ಯಾಕೆ ಅಂದ್ರು."

ಇಪ್ಪತ್ತೈದು ಪೊಂಗಲ್. ನಾನು ಎದ್ದು ಒಳಗೆ ಹೋದೆ. ಅತ್ತೆ ಬೇಳೆ ಕೇರುತ್ತಿದ್ದಳು.

"ಅತ್ತೆ, ನಾವು ಪ್ರತಿ ಗೌರಿಗೆ ಸೀರೆ ಕಳಿಸ್ತಿದ್ದೆವಲ್ಲ? ಕುರಿ ವ್ಯಾಪಾರಿಗಳ ಕೈಲಿ. ಬಾಗಿನ ಸಮೇತ. ಬರ್ತಿರಲಿಲ್ವಾ?"

"ಬತ್ತಿತ್ತು ಕಣಪ್ಪ. ಉಟ್ಕೊಂಡಿವ್ನಿ ಎಲ್ಲಾನೂ. ಆದ್ರೆ ಅದು ಮಳೆಗಾಲ್ದಲ್ಲಿ ಬತ್ತಿತ್ತು. ಈ ಊರಲ್ಲಿ ಆವಾಗ ಯಾವ ಅಬ್ಬ? ಯಾರೋ ವ್ಯಾಪಾರಿ ಬಟ್ಟೆ ಕೊಟ್ಟೋದ ಅಂತಾರೆ. ಎಣಿಸ್ಕೊಳಲ್ಲ."

ಹೀಗೆ ಆಗಿತ್ತು. ನಾವು ತೌರಿನ ಋಣ ತಪ್ಪಿಸಿಲ್ಲ ಎಂದು ಆ ದಡದಲ್ಲಿ ನೆಮ್ಮದಿಯಾಗಿದ್ದೆವು. ಈ ದಡದಲ್ಲಿ ಅದು ತಪ್ಪು ತಿಂಗಳಲ್ಲಿ, ತಪ್ಪು ಕೈಯಲ್ಲಿ ಬಂದ ಬಟ್ಟೆಯಾಗಿತ್ತು. ತೌರಿಲ್ಲದವಳು ಎಂಬ ಹೆಸರು ಅತ್ತೆಗೆ ಅಂಟಿತ್ತು. ಈ ವರ್ಷ ಸೊಸೆಯ ಹಿತ್ತಾಳೆ ಪಾತ್ರೆಯ ಪಕ್ಕ ಅವಳು ಮತ್ತೆ ಬರಿಗೈಯಲ್ಲಿ ಕೂರಬೇಕು, ಅದೂ ತೌರಿನಿಂದ ನಾನು ಬಂದಿರುವಾಗ.

ಎದುರು ಮನೆಯ ಕಾಳಿಯಜ್ಜಿ ಜಗಲಿಯ ಮೇಲೆ ಎಲೆ ಅಡಿಕೆ ಕುಟ್ಟುತ್ತ ಎಲ್ಲ ಕೇಳಿಸಿಕೊಂಡಿದ್ದಳು. ನಾನು ಹೊರಗೆ ಬಂದದ್ದೇ, "ಏನ್ ಮೇಷ್ಟ್ರೇ," ಎಂದಳು, "ಅಷ್ಟೊಂದ್ ಓದ್ಸವ್ರೆ, ಅತ್ತೆಗೆ ಒಂದ್ ಪಾನೆ ಒತ್ಕಂಡ್ ಬಾ ಅಂತ ಯಾವ ಪುಸ್ತಕದಲ್ಲೂ ಬರ್ದಿರ್ಲಿಲ್ವಾ?"

"ನಾಳೆ ತರ್ತೀನಿ ಅಜ್ಜಿ. ಕೊಳತ್ತೂರಲ್ಲಿ ಸಿಗಲ್ವಾ?"

"ಸಿಗ್ತೈತೆ. ಆದ್ರೆ ಕೊಳತ್ತೂರಿಂದ ಬಂದ್ರೆ ಅದು ಸಾಮಾನು. ಸೀರ್ ಅಲ್ಲ." ಅಜ್ಜಿ ಎಲೆ ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದಳು. "ತೌರ್ ನೀರಾಚೆ ಐತೆ. ಸೀರ್ ನೀರ್ ದಾಟಿ ಬರ್ಬೇಕು. ತಲೆ ಮೇಲೆ ಬರ್ಬೇಕು. ಬಾಗಿಲಲ್ಲಿ ನಿಂತು ಅವ್ಳು ತೌರ ಸುದ್ದಿ ಕೇಳ್ಬೇಕು, ಅಪ್ಪುರಂ ಇಳಿಸ್ಕೋಬೇಕು. ಒಳಗೇ ಕೂತಿರೋನು ಎಂಗ್ಲಾ ಬತ್ತೀಯ? ಮೊದ್ಲು ಓಗು. ಆಮೇಲ್ ಬಾ."

"ಮೂರು ದಿನದಿಂದ ಊರೆಲ್ಲ ನನ್ನನ್ನು ನೋಡಿದೆಯಲ್ಲ ಅಜ್ಜಿ?"

"ನಾವೇನ್ ನೋಡಿದ್ದೀವಿ?" ಎಂದಳು ಅಜ್ಜಿ. ಮುಖದಲ್ಲಿ ನಗುವಿರಲಿಲ್ಲ. "ಯಾರೋ ಸುಣ್ಣ ಬಳಿಯೋನ್ ಬಂದಿದ್ದ."

ಬೋಗಿಯ ದಿನ

ಮರುದಿನ ಬೋಗಿ. ಸಂಜೆ ಹೊತ್ತು ಮುಳುಗುವಾಗ ಇಲ್ಲಿ ಕಾಪು ಕಟ್ಟುತ್ತಾರೆ. ಬೇವಿನ ಎಲೆ, ಹಳದಿ ಆವರಿಕೆ ಹೂ, ಬಿಳಿ ಹತ್ತಿಯ ತೆನೆಯಂಥ ಪೂಳೈ ಹೂ, ಮೂರನ್ನೂ ಸೇರಿಸಿ ಕಟ್ಟಿದ ಗೊಂಚಲು ಸೂರಿಗೆ, ಹಟ್ಟಿಗೆ, ಹೊಲದ ಮೂಲೆಗೆ. ಕಾಪು ಕಟ್ಟಿದ ಮೇಲೆ ಹಬ್ಬ ಮುಗಿಯುವ ತನಕ ಬೇರೆ ಮನೆಯ ಮಡಕೆ ಹೊಸಿಲು ದಾಟಬಾರದು. ಹಾಗಾಗಿ ನನ್ನ ಬಳಿ ಒಂದು ಹಗಲಿತ್ತು.

ಅತ್ತೆಗೆ ಮಾವ ಏನು ಹೇಳಿದನೋ ತಿಳಿಯದು. ನಾನು ಹೊರಡುವಾಗ ಅವಳು ಹಿತ್ತಲಲ್ಲಿ ಕಾಣದಂತೆ ನಿಂತಿದ್ದಳು. ಮಾವ ಸೈಕಲ್ಲಿನ ಹಿಂದೆ ನನ್ನನ್ನು ಕೂರಿಸಿಕೊಂಡು ಕೊಳತ್ತೂರಿಗೆ ಬಂದ. ಕುಂಬಾರ ಮಡಕೆಗಳನ್ನು ರಸ್ತೆಯ ಉದ್ದಕ್ಕೂ ಹರಡಿದ್ದ. ಮಾವ ಒಂದೊಂದಕ್ಕೂ ಬೆರಳ ಗೆಣ್ಣಿನಿಂದ ಬಡಿದು, ಕಿವಿ ಇಟ್ಟು ಕೇಳಿದ. ಹದಿನೈದು ಮಡಕೆಗಳ ದನಿ ಕೇಳಿದ ಮೇಲೆ ಒಂದನ್ನು ನನ್ನ ಕೈಗೆ ಕೊಟ್ಟು, "ಇದು ಮಾತಾಡ್ತೈತೆ," ಎಂದ. ಹೊಸ ಅಕ್ಕಿ, ಅಚ್ಚು ಬೆಲ್ಲ, ಅರಿಶಿನದ ಗಿಡ, ಎರಡು ಕಬ್ಬು. ಸೀರೆ ನಾನೇ ಆರಿಸಿದೆ, ಕೆಮ್ಮಣ್ಣಿನ ಬಣ್ಣದ್ದು. ಎಲ್ಲವನ್ನೂ ಬಿದಿರಿನ ಬುಟ್ಟಿಗೆ ತುಂಬಿ, ಪಣ್ಣವಾಡಿಯ ಹರಿಗೋಲು ಕಡವಿನಲ್ಲಿ ನನ್ನನ್ನು ಇಳಿಸಿ ಮಾವ ಹೂ ಕೊಯ್ಯಲು ಹಿಂತಿರುಗಿದ.

"ಒತ್ತಿಗ್ ಮುಂಚೆ ಬಾ ಅಳ್ಯಾ. ನಾನ್ ಏಣಿ ಇಟ್ಕಂಡ್ ಕಾಯ್ತಿರ್ತೀನಿ. ಊರೆಲ್ಲ ಕಟ್ಟೋವಾಗ ನಾನೊಬ್ಬನೇ ಕಟ್ಟದೆ ನಿಲ್ಲಕ್ಕಾಗಲ್ಲ."

ನೀರಿನ ಮೇಲೆ

ಹರಿಗೋಲಿನವನು ಜನ ತುಂಬದೆ ಬಿಡುವುದಿಲ್ಲ ಎಂದ. ಹಬ್ಬದ ಹಿಂದಿನ ದಿನ ಯಾರು ಬರುತ್ತಾರೆ? ಮಧ್ಯಾಹ್ನ ಕಳೆಯುವ ತನಕ ಬುಟ್ಟಿಯ ಪಕ್ಕ ಕೂತೆ. ಕೊನೆಗೆ ನಾಚಿಕೆ ಬಿಟ್ಟು ಸಂಗತಿ ಹೇಳಿದೆ. ಅವನು ನನ್ನನ್ನು, ಬುಟ್ಟಿಯನ್ನು, ಕಬ್ಬನ್ನು ನೋಡಿ, ಹುಟ್ಟು ಎತ್ತಿಕೊಂಡ.

"ಯಾರ್ ಮನೆಗೆ? ಚಿನ್ನಪ್ಪಣ್ಣನ ಮನೆಗಾ? ಮಾದಕ್ಕನ್ ಸೀರಾ?" ಎಂದ. "ಇದನ್ನ ಮೊದ್ಲೇ ಯೋಳಕಾಗಲ್ವಾ ಸಾರ್? ಅತ್ತು, ಓಗಾನ."

ಹಿನ್ನೀರು ಹಾಲಿನಂತೆ ಮಲಗಿತ್ತು. ಹರಿಗೋಲು ತನ್ನ ಸುತ್ತ ತಾನೇ ಮೆಲ್ಲಗೆ ತಿರುಗುತ್ತ ಹೋಯಿತು. ಪಾಲಮಲೆ ಎದುರಿಗೆ ಬರುತ್ತಿತ್ತು, ಬೆನ್ನ ಹಿಂದೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಯಾವ ದಡದಿಂದ ಹೊರಟೆ, ಯಾವುದಕ್ಕೆ ಹೋಗುತ್ತಿದ್ದೇನೆ ಎಂಬುದು ನಾಲ್ಕು ಸುತ್ತಿನಲ್ಲಿ ಮರೆತುಹೋಯಿತು.

"ಈಗ ಊರ್ ಮೇಲ್ ಓಗ್ತಿದೀವಿ," ಎಂದ ಅವನು.

"ಯಾವೂರು?"

"ಅಳೇ ಊರು. ಡ್ಯಾಮ್ ಕಟ್ಟಿದಾಗ ಮುಳುಗಿದ್ದು. ನಮ್ಮಜ್ಜನ ಮನೆ ಇಲ್ಲೇ ಎಲ್ಲೋ ಕೆಳಗೈತೆ. ನೀರ್ ಇಳಿದ್ ವರ್ಷ ಗೋಡೆ ನೋಡಿವ್ನಿ. ಬಾಗಿಲಿಲ್ಲ. ಬಾಗಿಲ ಕಿತ್ಕಂಡ್ ಬಂದ್ಬಿಟ್ಟಿದ್ರು, ನಮ್ ಮನೇಗೆ ಈಗ್ಲೂ ಅದೇ ಬಾಗಿಲು."

ಬಗ್ಗಿ ನೋಡಿದೆ. ಹಸಿರು ಬಿಟ್ಟರೆ ಏನೂ ಕಾಣಲಿಲ್ಲ. ಆದರೂ ಅಲ್ಲಿ ಕೆಳಗೆ ಯಾರೋ ಸುಣ್ಣ ಬಳಿಯುತ್ತಿರಬಹುದು, ಹೊಸಿಲಿಗೆ ಕೆಮ್ಮಣ್ಣು ಎಳೆಯುತ್ತಿರಬಹುದು ಎಂದು ಅನ್ನಿಸಿದ್ದು ಸುಳ್ಳಲ್ಲ.

ನಡುನೀರಿನಲ್ಲಿ ಅವನು ಹುಟ್ಟು ನಿಲ್ಲಿಸಿದ. "ಸಾರ್, ಇಲ್ಲೇ ತಿರುಗ್ಸಲಾ? ಅರ್ಧ ದಾಟಿದ್ರೂ ನೀರೇ. ಅಜ್ಜಿಗೇನ್ ಗೊತ್ತಾಗ್ತೈತೆ? ಒತ್ತು ನೋಡಿ."

ಹೊತ್ತು ಬೆಟ್ಟದ ಕಡೆಗೆ ವಾಲಿತ್ತು. ಅವನ ಮಾತು ಸರಿಯೇ ಇತ್ತು. ಆದರೆ ನಾನು ಅರ್ಧ ಕಾಪಿ ಹೊಡೆದು ಪಾಸಾದವನಲ್ಲ. ಪರೀಕ್ಷೆ ಅಂದಮೇಲೆ ಪೂರ್ತಿ ಬರೆಯಬೇಕು.

"ಆ ದಡ ಮುಟ್ಟಿಸಣ್ಣ," ಅಂದೆ.

ಆ ದಡ ನಾಗಮರೈ, ಧರ್ಮಪುರಿ ಜಿಲ್ಲೆ. ಬುಟ್ಟಿಯನ್ನು ಎತ್ತಿಕೊಂಡು ಕೆಸರಿನಲ್ಲಿ ಇಳಿದೆ. ಬುಟ್ಟಿಯನ್ನು ಒಂದು ಸಲ ನೆಲಕ್ಕೆ ಮುಟ್ಟಿಸಿದೆ. ಅಲ್ಲಿ ಬಲೆ ಒಣಗಿಸುತ್ತಿದ್ದ ಒಬ್ಬ ಮುದುಕಿ ಬಿಟ್ಟ ಬಾಯಿ ಬಿಟ್ಟಂತೆ ನೋಡಿದಳು. ಉತ್ತರದ ಕಡೆ, ನಮ್ಮೂರಿನ ಕಡೆ ಒಂದು ಸಲ ತಿರುಗಿದೆ. ಮತ್ತೆ ಹರಿಗೋಲು ಹತ್ತಿದೆ.

ಬರುವಾಗ ಎದುರು ಗಾಳಿ. ಹರಿಗೋಲು ಮುಂದೆ ಹೋಗುವುದಕ್ಕಿಂತ ಪಕ್ಕಕ್ಕೆ ಹೋದದ್ದೇ ಹೆಚ್ಚು. ಅವನ ಬೆನ್ನು ಬೆವರಿತು, ನಾನು ಇನ್ನೊಂದು ಹುಟ್ಟು ಹಿಡಿದೆ. ದಡದ ಆಚೆ, ದೂರದ ಮನೆಗಳ ಸೂರಿನ ಮೇಲೆ ಆಗಲೇ ಏಣಿಗಳು ಕಾಣುತ್ತಿದ್ದವು. ಒಂದೊಂದು ಮನೆಯಲ್ಲೂ ಹಳದಿಯ ಚುಕ್ಕೆ ಮೂಡುತ್ತಿತ್ತು. ಕಾಪು ಕಟ್ಟತೊಡಗಿದ್ದರು.

ಬೀದಿ

ಕಡವಿನಲ್ಲಿ ಹರಿಗೋಲಿನವನು ತನ್ನ ತಲೆಯ ಟವೆಲ್ಲನ್ನು ಬಿಚ್ಚಿ ಸಿಂಬೆ ಸುತ್ತಿ ನನ್ನ ತಲೆಗಿಟ್ಟು ಬುಟ್ಟಿ ಏರಿಸಿದ. ತಲೆಹೊರೆ ಹೊತ್ತು ನಾಲ್ಕೈದು ವರ್ಷವಾಗಿತ್ತು. ಡಿಗ್ರಿ ಬಂದ ದಿನ ಇನ್ನು ಹೊರೆ ಹೊರುವುದಿಲ್ಲ ಎಂದು ಅಂದುಕೊಂಡಿದ್ದೆ. ಕುತ್ತಿಗೆಗೆ ಮಾತ್ರ ಎಲ್ಲ ನೆನಪಿತ್ತು. ಅದು ತಾನಾಗಿ ನೆಟ್ಟಗಾಯಿತು. ಕಬ್ಬನ್ನು ಹೆಗಲಿಗೆ ಒರಗಿಸಿಕೊಂಡು ಓಡುನಡಿಗೆಯಲ್ಲಿ ಹೊರಟೆ.

ಬೀದಿಯ ಬಾಯಿಗೆ ಬಂದಾಗ ಬಿಸಿಲು ಬರೀ ಪಾಲಮಲೆಯ ನೆತ್ತಿಯಲ್ಲಿತ್ತು. ಎಲ್ಲ ಮನೆಯವರೂ ಜಗಲಿಗೆ ಬಂದು ನಿಂತಿದ್ದರು. ನಿನ್ನೆ ನನಗೆ ಮಜ್ಜಿಗೆ ಕೊಟ್ಟವಳು, ಮೊನ್ನೆ ಏಣಿ ಕೊಟ್ಟವನು, ಎಲ್ಲರೂ ಯಾರೋ ಹೊಸಬನನ್ನು ನೋಡುವಂತೆ ನೋಡಿದರು. ಒಬ್ಬರ ಮುಖವೂ ಸಡಿಲಲಿಲ್ಲ. ಕಾಳಿಯಜ್ಜಿ ದೊಡ್ಡ ದನಿಯಲ್ಲಿ, ಬೀದಿಯ ಕೊನೆಯ ಮನೆಗೂ ಕೇಳುವಂತೆ ಕೂಗಿದಳು:

"ಯಾರಪ್ಪಾ ನೀನು? ಯಾವೂರು? ಯಾರ್ ಮನೆಗೆ?"

"ಸಾತನೂರು ಕಡೆ ಅಜ್ಜಿ. ಕುರಿಹಟ್ಟಿ ಸಿದ್ದಪ್ಪನ ಮೊಮ್ಮಗ. ನಮ್ಮತ್ತೆ ಮಾದಮ್ಮನಿಗೆ ಸೀರ್ ತಂದೆ."

"ಕೇಳಿದ್ರಾ?" ಎಂದು ಅಜ್ಜಿ ಬೀದಿಗೆ ಹೇಳಿದಳು. "ಮಾದಿಗೆ ತೌರಿಂದ ಸೀರ್ ಬಂದೈತಂತೆ!"

ಬಾಗಿಲಲ್ಲಿ ಅತ್ತೆ ನಿಂತಿದ್ದಳು, ಕೈಯಲ್ಲಿ ನೀರಿನ ಚೆಂಬು. ಹಬ್ಬಕ್ಕೆಂದು ತಲೆಗೆ ನೀರು ಹಾಕಿಕೊಂಡು ಕೂದಲು ಹರಡಿದ್ದಳು. ಸೂರಿನ ಪಕ್ಕ ಏಣಿಯ ಮೇಲೆ ಮಾವ, ಬೇವು, ಹೂ ಹಿಡಿದುಕೊಂಡು. ಊರಿನಲ್ಲಿ ಕಾಪು ಕಟ್ಟದ ಮನೆ ಅದೊಂದೇ.

ಅತ್ತೆ ನನ್ನ ಕಾಲಿಗೆ ನೀರು ಹಾಕಿದಳು. ಮೂರು ದಿನ ಜೊತೆಯಲ್ಲಿ ಉಂಡವಳು, ಈಗ ತಾನೇ ಕಂಡವಳಂತೆ ಮುಖ ಎತ್ತಿದಳು.

"ಯಾವಾಗ್ ಒಲ್ಟೆ ಅಳ್ಯಾ? ದಾರಿ ಕಷ್ಟ ಆಯ್ತಾ?"

"ಇಲ್ಲ ಅತ್ತೆ."

"ಅಣ್ಣ ಚೆನ್ನಾಗವ್ನಾ?"

"ಚೆನ್ನಾಗವ್ನೆ."

"ಅತ್ಗೆಗೆ ಮಂಡಿ ನೋವು ಅಂದಿದ್ರು?"

"ಈಗ ವಾಸಿ. ನಡೀತಾಳೆ."

"ಕುರಿ ಎಷ್ಟವೆ?"

"ನಲವತ್ತು ಅತ್ತೆ. ಎಂಟು ಮರಿ."

"ಬಾವೀಲಿ ನೀರ್ ಐತಾ? ಅಟ್ಟಿ ಮುಂದಿನ ಅತ್ತಿ ಮರ ಐತಾ?"

ಕೇಳುತ್ತಲೇ ಹೋದಳು. ಹೊಲಗಳ ಹೆಸರು ಹಿಡಿದು ಕೇಳಿದಳು. ಮದುವೆಗೆ ಮುಂಚೆ ತನ್ನ ಜೊತೆ ಕುರಿ ಕಾಯುತ್ತಿದ್ದ ಗೆಳತಿಯರನ್ನು ಒಬ್ಬೊಬ್ಬರಾಗಿ ಕೇಳಿದಳು. ಇಪ್ಪತ್ತೈದು ವರ್ಷದಿಂದ ಪ್ರಶ್ನೆಗಳನ್ನು ವರಸೆಯಾಗಿ ಜೋಡಿಸಿಟ್ಟಿದ್ದಳು. ನನ್ನ ಕುತ್ತಿಗೆ ಬಿಗಿಯುತ್ತಿತ್ತು, ಬೆಟ್ಟದ ನೆತ್ತಿಯ ಬಿಸಿಲು ಆರುತ್ತಿತ್ತು. ಆಮೇಲೆ ಅವಳು ಕೇಳಿದಳು:

"ನಮ್ಮವ್ವ ಎಂಗವ್ಳೆ?"

ನಮ್ಮಜ್ಜಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಸುದ್ದಿ ಅತ್ತೆಗೆ ಮುಟ್ಟಿದ್ದು ತಿಥಿ ಮುಗಿದ ಮೇಲೆ. ಇದು ನನಗೆ ಗೊತ್ತು. ಅವಳಿಗೂ ಗೊತ್ತು. ಏಣಿಯ ಮೇಲಿದ್ದ ಮಾವ ತಲೆ ತಗ್ಗಿಸಿದ. ನಾನು ಪಾಠದಲ್ಲಿ ಮಕ್ಕಳಿಗೆ ಸುಳ್ಳು ಹೇಳಿಕೊಟ್ಟವನಲ್ಲ. ಆದರೆ ಆ ಬಾಗಿಲಲ್ಲಿ, ಆ ಬೆಳಕಿನಲ್ಲಿ, ಅತ್ತೆಯ ಕಣ್ಣು ನನ್ನ ಬಾಯಿಯ ಮೇಲೆ ನೆಟ್ಟಿರುವಾಗ, ಸುಳ್ಳು ಯಾವುದು ನಿಜ ಯಾವುದು ಎಂದು ಹೇಳುವಷ್ಟು ನಾನು ಓದಿರಲಿಲ್ಲ.

"ಇದನ್ನ ಕಟ್ಟಿ ಕೊಟ್ಟೋಳೇ ನಿಮ್ಮವ್ವ, ಅತ್ತೆ," ಅಂದೆ. "ಮಡಕೆ ಬಡಿದು ನೋಡಿ ಆರಿಸಿದೋಳೂ ಅವಳೇ. ಗೌರಿಗೆ ಕಳಿಸಿದ್ದು ತಪ್ಪಾಯ್ತಂತೆ, ಗೊತ್ತಾಗ್ಲಿಲ್ವಂತೆ. ಇದನ್ನ ಮಾದಿ ಕೈಗೇ ಕೊಡು ಅಂದ್ಲು."

ಅತ್ತೆ ಒಂದು ಸಲ ತಲೆ ಆಡಿಸಿದಳು. ಚೆಂಬನ್ನು ಕೆಳಗಿಟ್ಟಳು. ಎರಡೂ ಕೈ ಎತ್ತಿ ನನ್ನ ತಲೆಯಿಂದ ಬುಟ್ಟಿಯನ್ನು ಇಳಿಸಿಕೊಂಡಳು. ಸೆಲ್ವಿ ನೆರವಿಗೆ ಬಂದಾಗ ಬೇಡವೆಂದು ಮೊಣಕೈಯಿಂದಲೇ ಸರಿಸಿದಳು.

"ಕಟ್ಲೇನೇ?" ಎಂದ ಮಾವ, ಮೇಲಿನಿಂದ. "ಒತ್ತು ಮುಳುಗ್ತೈತೆ."

"ಇರು," ಎಂದಳು ಅತ್ತೆ. ಬುಟ್ಟಿಯನ್ನು ಎದೆಗೆ ಒತ್ತಿಕೊಂಡು, ಬಲಗಾಲಿಟ್ಟು ಹೊಸಿಲು ದಾಟಿದಳು. ಒಳಗಿನ ಕತ್ತಲಲ್ಲಿ ಎಲ್ಲೋ ಅದನ್ನು ನೆಲಕ್ಕಿಟ್ಟ ಸದ್ದು ಕೇಳಿಸಿತು. ಆಮೇಲೆ ಅಲ್ಲಿಂದಲೇ ಕೂಗಿದಳು.

"ಉಂ. ಈಗ ಕಟ್ಟು."